ಹಿನ್ನೀರಿನಲ್ಲಿ ಗಾಳ ಹಾಕಲು ಹೊರಟಿದ್ದೀರಾ? ಮೊದಲು ತಿಥಿ ನೋಡಿ

"ಕುಂದಾಪುರದ ಕಡೆ ಬರ್ತಿದ್ದೇವೆ. ದೋಣಿಯಲ್ಲಿ ಕರ್ಕೊಂಡು ಹೋಗಿ ಮೀನು ಹಿಡಿಸೋರು ಸಿಗ್ತಾರಾ? ಯಾವ ತಿಂಗಳು ಒಳ್ಳೇದು? ರಾಡ್ ನಾವೇ ತರಬೇಕಾ?" ಪ್ರತಿ ವರ್ಷ ಮಳೆ ನಿಂತ ಕೂಡಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹೇಳುತ್ತೇನೆ.

ನಾನು ಹೇಳುತ್ತಿರುವುದು ಆಳಸಮುದ್ರದ ಮೀನುಗಾರಿಕೆ ಅಲ್ಲ. ನದಿ ಸಮುದ್ರ ಸೇರುವ ಜಾಗಕ್ಕೆ ನಾವು ಅಳಿವೆ ಅನ್ನುತ್ತೇವೆ. ಅಲ್ಲಿಂದ ಒಳಗೆ, ಉಪ್ಪುನೀರು ದಿನಕ್ಕೆರಡು ಸಲ ಏರಿ ಇಳಿಯುವ ಹಿನ್ನೀರಿನಲ್ಲಿ, ಸ್ಥಳೀಯ ದೋಣಿಯವರ ಜೊತೆ ನಾಲ್ಕೈದು ಗಂಟೆ ಗಾಳ ಹಾಕಿ ಬರುವುದು. ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿ, ಸ್ವರ್ಣಾ ಮತ್ತು ಸೀತಾ ನದಿ ಸೇರುವ ಕೋಡಿ ಬೆಂಗ್ರೆ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಕಾರವಾರದ ಕಾಳಿ, ಎಲ್ಲಾ ಕಡೆಗೂ ಈ ಮಾತುಗಳು ಹೊಂದುತ್ತವೆ.

1. ರಜೆ ನೋಡಬೇಡಿ, ನೀರು ನೋಡಿ

ಜನ ಮಾಡುವ ಮೊದಲ ತಪ್ಪು ಇದೇ. ಭಾನುವಾರ ಗೊತ್ತು ಮಾಡಿ, ರೂಮ್ ಬುಕ್ ಮಾಡಿ, ಆಮೇಲೆ ದೋಣಿಯವರಿಗೆ ಫೋನ್ ಮಾಡುತ್ತಾರೆ. ಅವರು "ಆ ದಿನ ಬ್ಯಾಡ ಮಾರಾಯ್ರೆ, ನೀರ್ ಸಮ ಇಲ್ಲ" ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರು ಹೇಳುವುದು ನಿಜ. ಹಿನ್ನೀರಿನ ಮೀನು ನೀರು ಹರಿಯುವಾಗ ತಿನ್ನುತ್ತದೆ, ನಿಂತಾಗ ಸುಮ್ನೆ ಇರುತ್ತದೆ. ಉಬ್ಬರ ಅಂದರೆ ನೀರು ಏರುವುದು (ಉತ್ತರ ಕನ್ನಡದಲ್ಲಿ ಭರತ ಅನ್ನುವವರೂ ಇದ್ದಾರೆ), ಇಳಿತ ಅಂದರೆ ಇಳಿಯುವುದು. ಇವೆರಡರ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮ್ಮ ನಾಲ್ಕು ಗಂಟೆಯ ಬಹುಭಾಗ ಆ ನಿಂತ ನೀರಿನಲ್ಲೇ ಕಳೆದುಹೋದರೆ ಎಷ್ಟು ಒಳ್ಳೆಯ ರಾಡ್ ಇದ್ದರೂ ಪ್ರಯೋಜನವಿಲ್ಲ.

ಇದನ್ನು ನೀವೇ ಲೆಕ್ಕ ಹಾಕಬಹುದು. ಗೋಡೆಯ ಕ್ಯಾಲೆಂಡರ್ ಸಾಕು. ಕೊಂಕಣ ಕರಾವಳಿಯಲ್ಲಿ ಹಳೆಯದೊಂದು ಲೆಕ್ಕವಿದೆ: ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ನೀರು ಪೂರ್ತಿ ಏರುವ ಗಂಟೆ ಸುಮಾರಾಗಿ ಸಿಗುತ್ತದೆ. ಪಾಡ್ಯ 1, ಬಿದಿಗೆ 2, ಹೀಗೆ ಹುಣ್ಣಿಮೆ ಅಥವಾ ಅಮಾವಾಸ್ಯೆ 15. ಪಂಚಮಿ ಅಂದರೆ 5ರ ಮುಕ್ಕಾಲು, 3.75. ಅಂದರೆ ಬೆಳಗಿನ ಜಾವ ಮೂರೂಮುಕ್ಕಾಲರ ಸುಮಾರಿಗೆ ಪೂರ್ತಿ ಉಬ್ಬರ, ಮತ್ತೆ ಸಂಜೆ ನಾಲ್ಕರ ಹತ್ತಿರ. ನಡುವೆ, ಬೆಳಿಗ್ಗೆ ಹತ್ತರ ಆಸುಪಾಸಿಗೆ ಪೂರ್ತಿ ಇಳಿತ. ಏಕಾದಶಿಗೆ 11ರ ಮುಕ್ಕಾಲು, ಎಂಟೂಕಾಲು. ಹುಣ್ಣಿಮೆಗೆ ಹನ್ನೊಂದೂಕಾಲು. ಶುಕ್ಲಪಕ್ಷ, ಕೃಷ್ಣಪಕ್ಷ ಎರಡಕ್ಕೂ ಲೆಕ್ಕ ಒಂದೇ.

ಇದು ಅಂದಾಜು ಮಾತ್ರ. ದಿನ ಖಚಿತ ಮಾಡುವ ಮೊದಲು ಮಂಗಳೂರು ಅಥವಾ ಕಾರವಾರದ ಉಬ್ಬರ-ಇಳಿತದ ಪಟ್ಟಿ ನೋಡಿಕೊಳ್ಳಿ. ಫೋನಿನಲ್ಲೇ ಸಿಗುತ್ತದೆ. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು ಅನ್ನುವುದು ನೆನಪಿರಲಿ. ಅಳಿವೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಅದೇ ನೀರು ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಎಷ್ಟು ತಡ ಅನ್ನುವುದು ಆಯಾ ಊರಿನ ದೋಣಿಯವರಿಗೆ ಬಾಯಿಪಾಠ.

ಹಾಗಾದರೆ ಯಾವ ದಿನ? ನನ್ನನ್ನು ಕೇಳಿದರೆ ಚೌತಿ, ಪಂಚಮಿ, ಷಷ್ಠಿಯ ಬೆಳಿಗ್ಗೆ. ಬೆಳಕು ಹರಿಯುವ ಹೊತ್ತಿಗೆ ನೀರು ಇಳಿಯುತ್ತಿರುತ್ತದೆ, ಸೆಳೆತ ಹದವಾಗಿರುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ಜೋರು. ಬೆಳಿಗ್ಗೆಯಿಡೀ ನೀರು ಏರುತ್ತಲೇ ಇರುತ್ತದೆ, ಮೀನೂ ಓಡಾಡುತ್ತದೆ, ಆದರೆ ಕೆಸರು, ತರಗೆಲೆ, ಪ್ಲಾಸ್ಟಿಕ್ ಎಲ್ಲಾ ತೇಲಿ ಬಂದು ದಾರಕ್ಕೆ ಸುತ್ತಿಕೊಳ್ಳುತ್ತದೆ. ಅಷ್ಟಮಿ-ನವಮಿಯ ನೀರು ಮಂದ. ಹೊಸಬರಿಗೆ ಆ ಎರಡು ದಿನ ನಾನು ಹೇಳುವುದಿಲ್ಲ.

ತಿಂಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಬೇಡಿ. ನದಿ ತುಂಬಿ ಕೆಂಪು ನೀರು ಬರುತ್ತದೆ, ಸೆಳೆತ ಅಪಾಯದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವೂ ಇದೆ. ನಾಡದೋಣಿಗಳಿಗೆ ವಿನಾಯಿತಿ ಇದೆಯಲ್ಲ ಅಂತ ವಾದ ಮಾಡಬೇಡಿ, ಅದು ಅದರಿಂದಲೇ ಹೊಟ್ಟೆ ಹೊರೆಯುವವರಿಗಾಗಿ ಇರುವುದು. ಅಕ್ಟೋಬರ್ ಕೊನೆಗೆ ನೀರು ತಿಳಿಯಾಗುತ್ತದೆ. ಅಲ್ಲಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚ್ ನಂತರ ಬಿಸಿಲು ಜಾಸ್ತಿ, ಹತ್ತು ಗಂಟೆಗೆ ವಾಪಸ್ ಬರುವ ಹಾಗೆ ಹೊರಡಿ.

2. ಯಾವ ನದಿ ಅನ್ನುವುದೂ ಮುಖ್ಯ

ಎಲ್ಲಾ ಹಿನ್ನೀರೂ ಒಂದೇ ಅಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಉಪ್ಪುನೀರು ಬಹಳ ಒಳಗಿನವರೆಗೆ ಏರುತ್ತದೆ. ಶರಾವತಿಯಲ್ಲಿ ಬೇಸಿಗೆಯಲ್ಲೂ ವಿದ್ಯುದಾಗಾರಗಳಿಂದ ಸಿಹಿನೀರು ಬರುತ್ತಲೇ ಇರುವುದರಿಂದ ಹೊನ್ನಾವರದ ಹಿನ್ನೀರಿನಲ್ಲಿ ಉಪ್ಪು ಕಡಿಮೆ. ಕಾಣೆ ಮೀನು (ಲೇಡಿಫಿಶ್) ಹಿಡಿಯುವ ಆಸೆ ಇದ್ದರೆ ಉಪ್ಪು ಚೆನ್ನಾಗಿರುವ, ಮರಳು ತಳದ ಜಾಗ ಬೇಕು, ಅಳಿವೆಯ ಹತ್ತಿರ. ಕುರುಡಿ ಮೀನಿಗೆ ಸಿಹಿ, ಉಪ್ಪು ಎರಡೂ ಆಗುತ್ತದೆ. ಸೀಬಾಸ್ ಅಂತಲೋ ಬರಮುಂಡಿ ಅಂತಲೋ ನೀವು ಕೇಳಿರುವುದು ಇದನ್ನೇ, ಗೋವಾ ಕಡೆ ಚೊಣಕ ಅನ್ನುತ್ತಾರೆ. ಹೆಚ್ಚಿನವರು ಇಷ್ಟು ದೂರ ಬರುವುದು ಇದೇ ಮೀನಿಗಾಗಿ. ಕಲ್ಲು, ಬೇರು ಇರುವಲ್ಲಿ ಕೆಂಬೇರಿ ಸಿಗುತ್ತದೆ. ಕೆಂಪು ಮೀನು, ಗಾತ್ರಕ್ಕೆ ಮೀರಿದ ಬಲ. ಮುರು ಮೀನು (ಗ್ರೂಪರ್) ಕೂಡ ಅಂಥ ಕಲ್ಲಿನ ಸಂದಿಯಲ್ಲೇ ಇರುತ್ತದೆ.

ಅಘನಾಶಿನಿಗೆ ಹೋಗುವವರಿಗೆ ಒಂದು ಮಾತು. ಅದು 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವವರು ಇರುತ್ತಾರೆ. ಅವರ ಕಡೆಗೆ ಗಾಳ ಬೀಸುವುದಾಗಲಿ, ಪಕ್ಕದಲ್ಲೇ ಇಂಜಿನ್ ಓಡಿಸಲು ಹೇಳುವುದಾಗಲಿ ಮಾಡಬೇಡಿ.

3. ದೋಣಿಯವರನ್ನು ಆರಿಸುವುದು

ಫೋನಿನಲ್ಲಿ "ಎಷ್ಟು ಮೀನು ಸಿಗುತ್ತೆ?" ಅಂತ ಕೇಳಿ ನೋಡಿ. "ಗ್ಯಾರಂಟಿ ಸಿಗುತ್ತೆ" ಅಂದವರನ್ನು ಬಿಟ್ಟು "ನೀರು ನೋಡಿ ಹೇಳ್ತೇನೆ" ಅಂದವರ ಜೊತೆ ಹೋಗಿ. ಆಮೇಲೆ ಇವಿಷ್ಟನ್ನು ಕೇಳಿ:

- ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ? ಮಕ್ಕಳ ಅಳತೆಯದ್ದು ಬೇರೆ ಇದೆಯಾ?
- ದೋಣಿಯಲ್ಲಿ ಎಷ್ಟು ಜನ? ಗಾಳ ಬೀಸುವುದಾದರೆ ಚಿಕ್ಕ ದೋಣಿಗೆ ಇಬ್ಬರು, ಹೆಚ್ಚೆಂದರೆ ಮೂವರು. ನಾಲ್ಕನೆಯವರು ಬಂದರೆ ಗಾಳ ಯಾರ ಕಿವಿಗಾದರೂ ಸಿಕ್ಕುತ್ತದೆ.
- ಬಾಡಿಗೆ ದೋಣಿಗೋ, ತಲೆಗೋ? ಗಂಟೆ ಎಣಿಸುವುದು ದಡ ಬಿಟ್ಟಾಗಿನಿಂದಲೋ, ಗಾಳ ಹಾಕುವ ಜಾಗ ಮುಟ್ಟಿದ ಮೇಲೋ?
- ರಾಡ್, ಎರೆ ಅವರದ್ದೋ, ನಮ್ಮದೋ? ಎರೆ ಅಂದರೆ ಗಾಳಕ್ಕೆ ಚುಚ್ಚುವ ಸಿಗಡಿ, ಚಿಕ್ಕ ಮೀನು. ಕುಂದಾಪುರದಲ್ಲಿ ಸಿಗಡಿಗೆ ಚಟ್ಲಿ ಅನ್ನುತ್ತಾರೆ.
- ಹಿಡಿದ ಮೀನು ಯಾರಿಗೆ?

ಕೊನೆಯ ಪ್ರಶ್ನೆ ಕೇಳಲು ಜನ ನಾಚಿಕೊಳ್ಳುತ್ತಾರೆ, ಆಮೇಲೆ ದಡದಲ್ಲಿ ಮನಸ್ತಾಪ ಆಗುತ್ತದೆ. ಕೆಲವು ಕಡೆ ಹಿಡಿದದ್ದೆಲ್ಲ ನೀರಿಗೆ ವಾಪಸ್ ಬಿಡುವ ಪದ್ಧತಿ, ಕೆಲವು ಕಡೆ ಒಂದೆರಡು ನಿಮಗೆ, ಉಳಿದದ್ದು ದೋಣಿಗೆ. ಮೊದಲೇ ಮಾತಾಡಿಕೊಂಡರೆ ಯಾರಿಗೂ ಬೇಜಾರಿಲ್ಲ.

ಚೌಕಾಸಿ ಅತಿಯಾಗಿ ಮಾಡಬೇಡಿ. ನೀವು ಕೊಡುವ ದುಡ್ಡಿನಲ್ಲಿ ಪೆಟ್ರೋಲ್ ಇದೆ, ಅವರ ಒಂದು ದಿನದ ಬಲೆಯ ಕೆಲಸ ಇದೆ, ಮರಳು ದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಅನ್ನುವ ತಿಳಿವಳಿಕೆಯೂ ಇದೆ. ಪ್ರತಿ ಮಳೆಗಾಲದಲ್ಲೂ ಆ ದಿಬ್ಬಗಳು ಜಾಗ ಬದಲಿಸುತ್ತವೆ. ಒಮ್ಮೆ ನಾನು ಹಟ ಮಾಡಿ "ಇನ್ನು ಅರ್ಧ ಗಂಟೆ ಇರೋಣ ಅಣ್ಣ" ಅಂದು ಒಂದು ಕುದ್ರುವಿನ (ನದಿ ನಡುವಿನ ನಡುಗಡ್ಡೆ) ಹಿಂದೆ ಉಳಿದೆ. ನೀರು ಇಳಿದು ದೋಣಿ ಕೆಸರಿಗೆ ಕೂತಿತು, ಮತ್ತೆ ನೀರು ಏರುವವರೆಗೆ ಮೂರು ಗಂಟೆ ಬಿಸಿಲಿನಲ್ಲಿ ಕೂತೆವು. ಅವತ್ತಿನಿಂದ "ಹೊರಡುವಾ" ಅಂದರೆ ಎರಡನೇ ಮಾತಿಲ್ಲ.

4. ಸಾಮಾನು

ನಿಮ್ಮ ಹತ್ತಿರ ಏನೂ ಇಲ್ಲದಿದ್ದರೆ ಏನೂ ಕೊಳ್ಳಬೇಡಿ. ಮೊದಲ ಸಲ ದೋಣಿಯವರ ಕೈದಾರ ಸಾಕು. ನೈಲಾನ್ ದಾರ, ಸೀಸದ ಗುಂಡು, ಚಿಕ್ಕ ಗಾಳ, ಸಿಗಡಿಯ ತುಂಡು, ಅಷ್ಟೇ. ಕಾಣೆ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯಿರಿ. ಗುಂಡು ಮರಳಿನ ಮೇಲೆ ಉಜ್ಜುವುದು ಬೆರಳಿಗೆ ಸಣ್ಣಗೆ ಗರಗರ ಅಂತ ಗೊತ್ತಾಗುತ್ತದೆ. ಕಾಣೆ ಬಂದಾಗ ಆ ಗರಗರದ ನಡುವೆ ಟಕ್‌ಟಕ್ ಅಂತ ಎರಡು ಚಿಕ್ಕ ತಟ್ಟು. ಮೊದಲನೆಯದಕ್ಕೆ ಎಳೆಯಬೇಡಿ, ಎರಡನೆಯದಕ್ಕೆ ಮಣಿಕಟ್ಟು ಮಾತ್ರ ಎತ್ತಿ.

ಕುರುಡಿಗಾಗಿ ಸ್ವಂತ ರಾಡ್ ತರುವುದಾದರೆ:

ರಾಡ್ ಆರೂವರೆಯಿಂದ ಏಳು ಅಡಿ, ಮಧ್ಯಮ ಬಲದ್ದು. ರೀಲ್, ಅಂದರೆ ದಾರ ಸುತ್ತುವ ಚಕ್ರ, 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್. ದಾರ 20ರಿಂದ 30 ಪೌಂಡ್ ತಡೆಯುವ ಬ್ರೇಡ್, ಅಂದರೆ ಹೆಣೆದ ಸಣ್ಣ ದಾರ. ಅದರ ತುದಿಗೆ ಒಂದು ಮಾರು ಉದ್ದ ಲೀಡರ್ ಕಟ್ಟಲೇಬೇಕು. ಲೀಡರ್ ಅಂದರೆ ಗಾಳಕ್ಕೂ ಬ್ರೇಡ್‌ಗೂ ನಡುವೆ ಬರುವ ದಪ್ಪ ನೈಲಾನ್ ದಾರ, 40 ಪೌಂಡ್‌ನದ್ದು. ಇದನ್ನು ಬಿಟ್ಟು ಬರುವವರೇ ಜಾಸ್ತಿ. ಸೇತುವೆಯ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ನೀರಿನೊಳಗಿನ ಕಲ್ಲು ಎಲ್ಲದರ ಮೇಲೂ ಚಿಪ್ಪುಗಳು ಅಂಟಿಕೊಂಡು ಬ್ಲೇಡಿನ ಹಾಗೆ ನಿಂತಿರುತ್ತವೆ. ಬ್ರೇಡ್ ಅದಕ್ಕೆ ತಾಗಿದ ಕ್ಷಣವೇ ಕಡಿದುಹೋಗುತ್ತದೆ. ಲೀಡರ್ ಒಂದೆರಡು ಉಜ್ಜು ತಡೆಯುತ್ತದೆ. ಪ್ರತಿ ಮೀನಿನ ನಂತರ ಅದರ ಮೇಲೆ ಉಗುರು ಎಳೆದು ನೋಡಿ, ಒರಟಾಗಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ.

ಲೂರ್, ಅಂದರೆ ಮೀನಿನ ಆಕಾರದ ಕೃತಕ ಎರೆ, ಒಂದು ಡಬ್ಬಿ ತುಂಬಾ ಬೇಡ. ನಾಲ್ಕು ಇಂಚಿನ ರಬ್ಬರ್ ಮೀನು ನಾಲ್ಕು, ಅದಕ್ಕೆ 7ರಿಂದ 14 ಗ್ರಾಂ ತೂಕದ ಜಿಗ್ ಹೆಡ್ (ಸೀಸದ ತಲೆ ಇರುವ ಗಾಳ), ತೇಲುವ ಗಟ್ಟಿ ಲೂರ್ ಎರಡು. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಚಿಕ್ಕ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದಲೂ ಸುಲಭವಾಗಿ ಬಿಡಿಸಬಹುದು, ನಿಮ್ಮ ಬೆರಳಿಂದಲೂ.

ಮೈಗೆ ತುಂಬು ತೋಳಿನ ಹತ್ತಿ ಬಟ್ಟೆ, ಟೋಪಿ, ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ, ಜಾರದ ಚಪ್ಪಲಿ. ಒಬ್ಬೊಬ್ಬರಿಗೂ ಎರಡು ಲೀಟರ್ ಕುಡಿಯುವ ನೀರು. ಫೋನಿಗೆ ಜಲನಿರೋಧಕ ಚೀಲ. ಉದ್ದ ಮೂತಿಯ ಇಕ್ಕುಳ ಮರೆಯಬೇಡಿ.

5. ದೋಣಿಯಲ್ಲಿ

ಬೆಳಕು ಹರಿಯುವ ಮೊದಲೇ ದಡದಲ್ಲಿರಿ. ಲೈಫ್ ಜಾಕೆಟ್ ದಡದಲ್ಲೇ ಹಾಕಿಕೊಳ್ಳಿ, ಈಜು ಬಂದರೂ ಸರಿ. ದೋಣಿಯಲ್ಲಿ ಇಬ್ಬರೂ ಒಂದೇ ಬದಿಗೆ ನಿಲ್ಲಬೇಡಿ. ಬೀಸುವ ಮೊದಲು ಪ್ರತಿ ಸಲವೂ ಹಿಂದೆ ತಿರುಗಿ ನೋಡಿ.

ಜಾಗ ಹತ್ತಿರವಾದಾಗ ದೋಣಿಯವರು ಇಂಜಿನ್ ನಿಲ್ಲಿಸಿ ಜಲ್ಲ ಹಿಡಿಯುತ್ತಾರೆ. ಜಲ್ಲ ಅಂದರೆ ತಳಕ್ಕೆ ಊರಿ ದೋಣಿ ತಳ್ಳುವ ಉದ್ದ ಬಿದಿರು. ಆಗ ಮಾತು ನಿಲ್ಲಿಸಿ. ಹಲಗೆಯ ಮೇಲೆ ಡಬ್ಬಿ ಎಳೆದರೆ ಆ ಸದ್ದು ನೀರಿನೊಳಗೆ ಬಹಳ ದೂರ ಹೋಗುತ್ತದೆ.

ನೀರು ಇಳಿಯುತ್ತಿದ್ದರೆ ಕಾಂಡ್ಲಾ ಕಾಡಿನೊಳಗಿಂದ ಬರುವ ಚಿಕ್ಕ ತೋಡು ನದಿಗೆ ಸೇರುವ ಬಾಯಿ ನೋಡಿ. ಒಳಗೆ ಮೇಯುತ್ತಿದ್ದ ಸಿಗಡಿ, ಮರಿಮೀನು ಎಲ್ಲಾ ನೀರಿನ ಜೊತೆ ಅದೇ ಬಾಯಿಂದ ಹೊರಗೆ ಬರಬೇಕು. ಕುರುಡಿ ಅಲ್ಲಿ ಸೆಳೆತದ ಪಕ್ಕ, ನೀರು ಮೆಲ್ಲಗೆ ತಿರುಗುವಲ್ಲಿ ಕಾದು ನಿಲ್ಲುತ್ತದೆ. ಐದು ನಿಮಿಷ ಗಾಳ ಹಾಕದೆ ಸುಮ್ನೆ ನೋಡಿ. ಬೇರುಗಳ ನಡುವೆ ಸಿಗಡಿಗಳು ಪಟಪಟ ಹಾರುತ್ತವೆ, ಅದರ ಹಿಂದೆಯೇ ಬಾಟಲಿಯ ಬಿರಡೆ ಕಿತ್ತ ಹಾಗೆ "ಟಪ್" ಅಂತ ಒಂದು ಸದ್ದು. ಅದು ಕುರುಡಿ ಬಾಯಿ ತೆರೆದು ನೀರಿನ ಸಮೇತ ಸಿಗಡಿ ಎಳೆದುಕೊಂಡ ಸದ್ದು. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಲೂರನ್ನು ಆ ಸದ್ದಿನ ಮೇಲೆಯೇ ಬೀಳಿಸಬೇಡಿ. ನೀರು ಹರಿದು ಬರುವ ಕಡೆಗೆ ಒಂದೆರಡು ಮಾರು ಮುಂದೆ ಬೀಸಿ, ಸೆಳೆತವೇ ಅದನ್ನು ಆ ಜಾಗಕ್ಕೆ ತರಲಿ. ಹೊಸಬರು ಬೇಗ ಬೇಗ ಸುತ್ತುತ್ತಾರೆ. ನಿಧಾನ ಮಾಡಿ, ನಡುನಡುವೆ ನಿಲ್ಲಿಸಿ. ಹೆಚ್ಚಿನ ಕುರುಡಿ ಕಚ್ಚುವುದು ಲೂರ್ ನಿಂತಾಗ.

ನೀರು ಏರುತ್ತಿದ್ದರೆ ಲೆಕ್ಕ ತಿರುಗುಮುರುಗು. ಮೀನು ನೀರಿನ ಜೊತೆ ಬೇರುಗಳೊಳಗೆ, ಕಲ್ಲಿನ ಅಂಚಿಗೆ ಹೋಗುತ್ತದೆ. ಸೇತುವೆ ಕಂಬದ ಹಿಂದೆ, ಕುದ್ರುವಿನ ಬಾಲದಲ್ಲಿ ನೀರು ಸುಳಿಯುವ ಜಾಗ ಹುಡುಕಿ.

ಇವುಗಳಿಂದ ದೂರ ಇರಿ: ಮೀನು ಸಾಕುವ ಪಂಜರಗಳು, ಕಟ್ಟಿಟ್ಟ ಬಲೆಗಳು. ನೀರಿನ ಮೇಲೆ ಸಾಲಾಗಿ ತೇಲುವ ಥರ್ಮೋಕೋಲ್ ಅಥವಾ ಬಾಟಲಿ ಕಂಡರೆ ಕೆಳಗೆ ಯಾರದೋ ಬಲೆ ಇದೆ ಅಂತ ಅರ್ಥ. ಗಾಳ ಸಿಕ್ಕಿದರೆ ಎಳೆಯಬೇಡಿ. ನಿಮ್ಮ ದಾರ ಕತ್ತರಿಸಿ, ಅವರ ಬಲೆ ಹರಿಯಬೇಡಿ. ಅಳಿವೆ ಬಾಗಿಲಿನ ಆಚೆಗೂ ಹೋಗಬೇಡಿ. ಇಳಿಯುವ ನೀರು ಹೊರಗೆ ತಳ್ಳುವಾಗ ಸಮುದ್ರದ ಅಲೆ ಒಳಗೆ ಬಂದು ಗುದ್ದಿದರೆ ಅಲ್ಲಿ ಅಲೆ ಎದ್ದು ಒಡೆಯುತ್ತದೆ. ಚಿಕ್ಕ ದೋಣಿ ಮಗುಚಲು ಅಷ್ಟು ಸಾಕು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುವುದರಿಂದ ಆ ಹೊತ್ತಿಗೆ ದಡದಲ್ಲಿರುವುದೇ ಒಳ್ಳೆಯದು. ತುರ್ತಿಗೆ 112, ಕೋಸ್ಟ್ ಗಾರ್ಡ್ 1554, ಎರಡೂ ಫೋನಿನಲ್ಲಿ ಇರಲಿ.

6. ಮೀನು ಕಚ್ಚಿದ ಮೇಲೆ

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ರೀಲ್ ತಾನೇ ದಾರ ಬಿಡುವ ವ್ಯವಸ್ಥೆ. ಅದನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸಿಕೊಳ್ಳಿ. ಕುರುಡಿ ಮೊದಲ ಓಟ ಬೇರುಗಳ ಕಡೆಗೇ ಓಡುತ್ತದೆ. ರಾಡ್ ಅಡ್ಡ ಹಿಡಿದು ಅದನ್ನು ಬಯಲು ನೀರಿಗೆ ತಿರುಗಿಸಿ. ಆಮೇಲೆ ನೀರಿನಿಂದ ಮೇಲೆ ಹಾರಿ ತಲೆ ಕೊಡವುತ್ತದೆ, ಕಿವಿರು ಕೆಂಪಗೆ ಬಿಚ್ಚಿಕೊಂಡಿರುತ್ತದೆ. ಆಗ ರಾಡಿನ ತುದಿ ನೀರಿನ ಕಡೆಗೆ ಬಗ್ಗಿಸಿ, ದಾರ ಸಡಿಲ ಆಗಬಾರದು. ದಾರ ಹಿಡಿದು ದೋಣಿಗೆ ಎತ್ತಬೇಡಿ, ಕೈಬಲೆ ಬಳಸಿ. ಕಿವಿರಿನ ಮುಚ್ಚಳದ ಅಂಚು ಕೈ ಕೊಯ್ಯುತ್ತದೆ, ಅಲ್ಲಿ ಬೆರಳು ಹಾಕಬೇಡಿ.

ಯಾವ ಮೀನು ಅಂತ ಗೊತ್ತಾಗುವ ಮೊದಲು ಏನನ್ನೂ ಮುಟ್ಟಬೇಡಿ. ತೇಡೆ (ಕನ್ನಡದಲ್ಲಿ ಶೇಡೆ ಅಂತಲೂ ಹೇಳುತ್ತಾರೆ, ಮೀಸೆ ಇರುವ ಮೀನು) ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಎರಡು ಗರಗಸದಂಥ ವಿಷದ ಮುಳ್ಳು ಇಟ್ಟುಕೊಂಡಿರುತ್ತದೆ. ತೊರಕೆಗೆ (ಚಪ್ಪಟೆ ಮೈ, ಉದ್ದ ಬಾಲದ ಮೀನು) ವಿಷದ ಮುಳ್ಳು ಬಾಲದಲ್ಲಿ. ಚುಚ್ಚಿದರೆ ಆ ಜಾಗವನ್ನು ಸಹಿಸುವಷ್ಟು ಬಿಸಿಯಾದ, ಸುಡದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಇಡಿ. ನೋವು ಇಳಿಯುತ್ತದೆ. ಆದರೂ ಆಸ್ಪತ್ರೆಗೆ ಹೋಗಿ, ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಟೆಟನಸ್ ಇಂಜೆಕ್ಷನ್ನೂ ಬೇಕು. ಕೆಸರು ನೀರಿಗೆ ಇಳಿಯುವುದಾದರೆ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ, ತೊರಕೆ ಸರಿದುಹೋಗುತ್ತದೆ. ಹೊಟ್ಟೆ ಬಲೂನಿನ ಹಾಗೆ ಉಬ್ಬಿಸುವ ಮೀನು ಸಿಕ್ಕರೆ ಇಕ್ಕುಳದಿಂದ ಬಿಡಿಸಿ ನೀರಿಗೆ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

7. ಯಾವುದನ್ನು ಬಿಡಬೇಕು, ಯಾವುದನ್ನು ತರಬೇಕು

ಇಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ. ಕುರುಡಿ ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಅಂದರೆ ನೀವು ಹಿಡಿದ ಆ ದೊಡ್ಡ ಮೀನು ಬಹುತೇಕ ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ಫೋಟೋ ತೆಗೆದು ಬಿಟ್ಟುಬಿಡಿ. ಊಟಕ್ಕೆ ಬೇಕಾದರೆ ಒಂದು ಮಧ್ಯಮ ಗಾತ್ರದ್ದು ಇಟ್ಟುಕೊಳ್ಳಿ. ಅಂಗೈಯಗಲದ ಮರಿಗಳನ್ನೂ ಬಿಡಿ. ಕಾಣೆ ನಾಲ್ಕಾರು ತಂದರೆ ರವೆ ಹಚ್ಚಿ ಹುರಿಯಲು ಸಾಕು, ಅಲ್ವಾ?

ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ, ಒಣ ಬಟ್ಟೆ ಮೀನಿನ ಮೈಯ ಲೋಳೆ ಕೀಳುತ್ತದೆ. ಬಿಸಿಲಿಗೆ ಕಾದ ಹಲಗೆಯ ಮೇಲೆ ಮಲಗಿಸಬೇಡಿ. ದವಡೆ ಮಾತ್ರ ಹಿಡಿದು ನೇತಾಡಿಸದೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ನೀರಿನಲ್ಲಿ ತಲೆ ಸೆಳೆತದ ಎದುರಿಗೆ ಮಾಡಿ ಹಿಡಿದರೆ ಸ್ವಲ್ಪ ಹೊತ್ತಿಗೆ ಬಾಲ ಗಟ್ಟಿಯಾಗಿ ಬಡಿಯಲು ಶುರು ಮಾಡುತ್ತದೆ. ಆಗ ಕೈ ಬಿಡಿ.

ಇಟ್ಟುಕೊಳ್ಳುವ ಮೀನನ್ನು ಕೂಡಲೇ ಮಂಜುಗಡ್ಡೆಗೆ ಹಾಕಿ. ನೀರು ತುಂಬಿದ ಬಕೆಟ್‌ನಲ್ಲಿ ಬಿಸಿಲಿಗೆ ಇಟ್ಟು ತಂದರೆ ಮನೆಗೆ ಬರುವಷ್ಟರಲ್ಲಿ ಮಾಂಸ ಮೆತ್ತಗಾಗಿರುತ್ತದೆ.

8. ದಡಕ್ಕೆ ಬಂದ ಮೇಲೆ

ಕತ್ತರಿಸಿದ ದಾರದ ಚೂರು ಒಂದನ್ನೂ ನೀರಿಗೆ ಬಿಡಬೇಡಿ. ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಅವು ಬೇರಿಗೆ ಸಿಕ್ಕಿ ನೇತಾಡಿ ಸಾಯುತ್ತವೆ. ಜೇಬಿನಲ್ಲಿ ಹಾಕಿಕೊಂಡು ಬನ್ನಿ. ದೋಣಿಯವರಿಗೆ ದುಡ್ಡು ದಡದಲ್ಲೇ, ಮಾತಾಡಿದಷ್ಟು, ಮೀನು ಸಿಗದಿದ್ದರೂ ಪೂರ್ತಿ ಕೊಡಿ. ಮುಂದಿನ ಸಲಕ್ಕೆ ಯಾವ ತಿಥಿ ಒಳ್ಳೆಯದು ಅಂತ ಅಲ್ಲೇ ಕೇಳಿಕೊಳ್ಳಿ.

ರಾಡ್, ರೀಲ್, ಲೂರ್ ಎಲ್ಲವನ್ನೂ ಅದೇ ದಿನ ಸಿಹಿನೀರಿನಲ್ಲಿ ತೊಳೆಯಬೇಕು. ಮೊದಲು ರೀಲಿನ ಡ್ರ್ಯಾಗ್ ಬಿಗಿ ಮಾಡಿ, ಇಲ್ಲದಿದ್ದರೆ ನೀರು ಒಳಗೆ ಹೋಗುತ್ತದೆ. ನಲ್ಲಿಯ ಜೋರು ಧಾರೆಗೆ ಹಿಡಿಯಬೇಡಿ, ಚೊಂಬಿನಿಂದ ಮೆಲ್ಲಗೆ ಹೊಯ್ಯಿರಿ. ಒರೆಸಿ ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಮತ್ತೆ ಸಡಿಲ ಮಾಡಿ ಇಡಿ. ಲೂರ್‌ಗಳ ಡಬ್ಬಿಯನ್ನು ರಾತ್ರಿಯಿಡೀ ತೆರೆದಿಡಿ. ಒಂದು ಒದ್ದೆ ಲೂರ್ ಒಳಗೆ ಉಳಿದರೂ ವಾರದೊಳಗೆ ಡಬ್ಬಿಯ ಅಷ್ಟೂ ಗಾಳಕ್ಕೆ ತುಕ್ಕು ಹಿಡಿಯುತ್ತದೆ.